ಪ್ರಯಾಣಿಕರು ಇಬ್ಬರು

"ಮೇಡಂ, ಸ್ವಲ್ಪ ಏಳ್ತೀರಾ? ಇದು ನನ್ನ ಸೀಟು."

ಕಿಟಕಿಗೆ ತಲೆಯಾನಿಸಿ ಕೂತಿದ್ದ ಅವಳು ಬೆಚ್ಚಿ ತಿರುಗಿದಳು. ಎದುರಿಗೆ ಒಬ್ಬ ನಿಂತಿದ್ದ. ಹೆಗಲಲ್ಲಿ ಸ್ಪ್ಯಾನರುಗಳು ಗಲಗಲ ಅನ್ನುವ ಭಾರದ ಚೀಲ, ಅಂಗಿಯ ತೋಳಿನ ಮೇಲೆ ಗ್ರೀಸಿನ ಕಲೆ. ಈ ಸ್ಟೇಷನ್ನಿನಲ್ಲಿ ಓಡಿ ಬಂದು ಹತ್ತಿದವನು, ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

"ನಿಮ್ಮದಾ? ಇಲ್ಲ ರೀ, ಇದು ನಂದು. ಇಪ್ಪತ್ತೆರಡು."

"ನಂದೂ ಇಪ್ಪತ್ತೆರಡೇ."

"ಹಾಗಾದ್ರೆ ನೀವು ಬೋಗಿ ತಪ್ಪಿ ಹತ್ತಿದ್ದೀರ. ಸರಿಯಾಗಿ ನೋಡ್ಕೊಳ್ಳಿ!"

ತನ್ನ ದನಿ ಅಷ್ಟು ಜೋರಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಎಷ್ಟು ದಿನವಾಗಿತ್ತು ಗಟ್ಟಿಯಾಗಿ ಮಾತಾಡಿ! ಮನೆಯಲ್ಲಿ ಮಾತಾಡಲು ಯಾರಿದ್ದಾರೆ?

ಗಲಾಟೆ ಕೇಳಿ ಟಿಕೆಟ್ ಚೆಕ್ ಮಾಡುವವರು ಬಂದರು. ಅವಳು ಗೆದ್ದವಳಂತೆ ಮೊಬೈಲು ಮುಂದೆ ಹಿಡಿದಳು.

"ನೋಡಿ ಸಾರ್, ಎಷ್ಟು ಸ್ಪಷ್ಟವಾಗಿದೆ. ಡಬ್ಲ್ಯೂ, ಎಲ್, ಇಪ್ಪತ್ತೆರಡು. ಡಬ್ಲ್ಯೂ ಅಂದ್ರೆ ವಿಂಡೋ. ಎಲ್ ಅಂದ್ರೆ ಲೆಫ್ಟ್. ಎಡಗಡೆ ಕಿಟಕಿ, ಇಪ್ಪತ್ತೆರಡು!"

ಎದುರು ಸೀಟಿನಲ್ಲಿದ್ದ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದಳು. ಅವಳ ಗಂಡ ಕೆಮ್ಮಿದ. ಮೇಲಿನ ಬರ್ತಿನಿಂದ ಯಾರೋ ಕಿಸಕ್ಕೆಂದರು... ಅಷ್ಟೇ, ಅತ್ತಲಿಂದಿತ್ತ ನಗು ಹರಡಿಬಿಟ್ಟಿತು.

"ಅಮ್ಮಾ," ಟಿಕೆಟಿನವರು ನಗು ನುಂಗಿ ಹೇಳಿದರು, "ಡಬ್ಲ್ಯೂ ಎಲ್ ಅಂದ್ರೆ ವೇಟಿಂಗ್ ಲಿಸ್ಟು. ನಿಮಗಿಂತ ಮುಂದೆ ಇನ್ನೂ ಅಷ್ಟು ಜನ ಸೀಟಿಗೆ ಕಾಯ್ತಾ ಇದ್ರು ಅಂತ ಅರ್ಥ. ಯಾರಿಗೆ ಸಿಕ್ಕಿತೋ ಇಲ್ವೋ, ನಿಮಗಂತೂ ಸಿಕ್ಕಿಲ್ಲ. ಮುಂದಿನ ಸ್ಟೇಷನ್‌ನಲ್ಲಿ ಇಳಿದು ಜನರಲ್ ಬೋಗಿಗೆ ಹೋಗಿ."

ಅವಳ ಮುಖ ಕೆಂಡದಂತಾಯಿತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತಲೆಯೆತ್ತಿದಾಗ ಕಂಡದ್ದು ಒಂದೇ: ಇಡೀ ಬೋಗಿಯಲ್ಲಿ ನಗದೆ ಇದ್ದವನು ಅವನೊಬ್ಬನೇ.

"ಅವರು ಇಲ್ಲೇ ಕೂತಿರಲಿ ಸಾರ್," ಅಂದ ಅವನು. "ಸೀಟು ನಂದು ತಾನೇ? ನಾನು ನಿಂತ್ಕೋತೀನಿ. ದಿನಾ ಲಿಫ್ಟ್ ರಿಪೇರಿ ಮಾಡೋನು ನಾನು, ನಿಂತೇ ಅಭ್ಯಾಸ."

"ನನಗೆ ಯಾರ ಉಪಕಾರಾನೂ ಬೇಡ!"

ಅವಳು ಚೀಲ ಎಳೆದುಕೊಂಡು ದಡದಡ ನಡೆದು ಬಾಗಿಲ ಬಳಿ ಹೋಗಿ ನಿಂತಳು. ಹೊರಗೆ ಗುಡ್ಡಗಳು ಓಡುತ್ತಿದ್ದವು. ಕಣ್ಣು ತುಂಬಿ ಬಂತು. ನಗುವವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಅಪ್ಪನ ಮೇಲೆ. ಇಷ್ಟು ವರ್ಷ ಪ್ರತಿ ಸಲವೂ ತಾನೇ ಟಿಕೆಟ್ ಮಾಡಿಸಿ, 'ಪುಟ್ಟೀ, ನಾಲ್ಕನೇ ಬೋಗಿ, ಕಿಟಕಿ ಪಕ್ಕ, ಬರೀ ಹೋಗಿ ಕೂತ್ಕೋ' ಅನ್ನುತ್ತಿದ್ದ ಅಪ್ಪ, ಒಂದು ಸಲವಾದರೂ ಅದನ್ನು ಓದುವುದು ಹೇಗೆಂದು ಹೇಳಿಕೊಡದೆ ಹೊರಟುಹೋದರಲ್ಲ...

ಹಿಂದೆ ಸದ್ದಾಯಿತು. ತಿರುಗಿದರೆ ಅವನೇ! ಚೀಲ ಕೆಳಗಿಟ್ಟು ಗೋಡೆಗೆ ಒರಗಿ ನಿಂತಿದ್ದ.

"ನೀವ್ಯಾಕೆ ಬಂದ್ರಿ? ಹೋಗಿ ನಿಮ್ಮ ಸೀಟಲ್ಲಿ ಕೂತ್ಕೊಳ್ಳಿ."

"ನಿಮ್ಮನ್ನ ಎಬ್ಬಿಸಿ ಕೂತ್ಕೊಂಡ್ರೆ ಆ ಎದುರು ಸೀಟಿನ ಅಮ್ಮ ದಾರಿಯುದ್ದಕ್ಕೂ ನನ್ನನ್ನ ದುರುಗುಟ್ಟಿ ನೋಡ್ತಾರೆ. ಅದಕ್ಕಿಂತ ಇದೇ ವಾಸಿ."

"ಅಂದ್ರೆ... ಸೀಟು ಈಗ ಖಾಲಿ ಇದೆಯಾ?"

"ಖಾಲಿ. ಇಬ್ಬರು ವಾರಸುದಾರರು ಇಲ್ಲಿ ನಿಂತಿದ್ದೀವಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಳು ಬಂದ ಮುಖದಲ್ಲೇ ನಗು ಉಕ್ಕಿತು. ಅವನೂ ನಕ್ಕ. ಕೊನೆಗೆ ಇಬ್ಬರೂ ಹೋಗಿ ಅದೇ ಸೀಟಿನಲ್ಲಿ ಒತ್ತಿಕೊಂಡು, ಮಧ್ಯೆ ಅವನ ಸ್ಪ್ಯಾನರಿನ ಚೀಲವನ್ನು ಗಡಿಯ ಗೋಡೆಯಂತೆ ಇಟ್ಟುಕೊಂಡು ಕೂತರು. ಟಿಕೆಟಿನವರು ನೋಡಿಯೂ ನೋಡದವರಂತೆ ಮುಂದೆ ಹೋದರು.

"ನೋಡಿ," ಅವನು ಅವಳ ಮೊಬೈಲಿನತ್ತ ಬೆರಳು ತೋರಿಸಿದ, "ಈ ಹತ್ತು ಅಂಕಿ ಇದೆಯಲ್ಲ, ಇದೇ ಪಿಎನ್‌ಆರ್ ನಂಬರ್. ಯಾವ ರೈಲು, ಯಾವ ದಿನ, ಎಷ್ಟು ಜನ, ಎಲ್ಲಾ ಇದರ ಹೊಟ್ಟೇಲಿರುತ್ತೆ. ಇದನ್ನ ಹಾಕಿ ನೋಡಿದ್ರೆ ಎರಡು ವಿಷಯ ಬರುತ್ತೆ. ಒಂದು, ಬುಕ್ ಮಾಡಿದಾಗ ಏನಿತ್ತು ಅಂತ. ಇನ್ನೊಂದು, ಈಗ ಏನಾಗಿದೆ ಅಂತ. ನೀವು ಮೊದಲನೇದು ನೋಡಿ ಬಂದುಬಿಟ್ಟಿದ್ದೀರ."

"ಅದು ಬದಲಾಗುತ್ತಾ?"

"ಬದಲಾಗ್ತಾನೇ ಇರುತ್ತೆ. ಯಾರೋ ಟಿಕೆಟ್ ಕ್ಯಾನ್ಸಲ್ ಮಾಡ್ತಾರೆ, ನೀವು ಒಂದು ಹೆಜ್ಜೆ ಮುಂದೆ ಬರ್ತೀರ. ಹೊರಡೋ ಮುಂಚೆ ಚಾರ್ಟ್ ಹಾಕ್ತಾರೆ, ಆಮೇಲೆ ಇದ್ದದ್ದೇ ಗಟ್ಟಿ. ಅಲ್ಲೀತನಕ ಆಗಾಗ ನೋಡ್ತಿರಬೇಕು."

"ಯಾರೋ ಬರಲ್ಲ ಅಂದ್ರೆ ನಮಗೆ ಜಾಗ."

"ಹಾಂ," ಅಂದ ಅವನು. "ಸ್ವಲ್ಪ ಬೇಜಾರಿನ ವ್ಯವಸ್ಥೇನೇ."

ಅವಳು ಅವನತ್ತ ತಿರುಗಿದಳು. ಇಳಿಬಿಸಿಲು ನೇರ ಅವನ ಮುಖದ ಮೇಲೆ ಬಿದ್ದಿತ್ತು. ಆ ಕಣ್ಣುಗಳು! ಹೊರಗಿನಿಂದ ಕಡು ಕಂದು, ಒಳಗೆ ಪಾಪೆಯ ಸುತ್ತ ಹಳದಿ ಬೆರೆತ ಒಂದು ತೆಳು ಬಳೆ. ಎಡಕ್ಕೆ ಸ್ವಲ್ಪ ಒಡೆದ ಬಳೆ.

ಇಷ್ಟು ಬೇಗ ಇಷ್ಟೆಲ್ಲ ಹೇಗೆ ಕಂಡಿತೆಂದರೆ, ಅವಳ ಕಸುಬೇ ಅದು. ಅವಳು ಕೃತಕ ಕಣ್ಣು ಮಾಡುವವಳು.

*

ಹದಿನೈದು ದಿನಕ್ಕೊಮ್ಮೆ ಅವಳು ತನ್ನೂರಿನಿಂದ ಆ ದೊಡ್ಡ ಪಟ್ಟಣದ ಕಣ್ಣಾಸ್ಪತ್ರೆಗೆ ಹೋಗುತ್ತಿದ್ದಳು. ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಒಂದು ಕಣ್ಣು ಕಳೆದುಕೊಂಡವರನ್ನು ಬೆಳಕಿನ ಕಡೆ ಮುಖ ಮಾಡಿ ಕೂರಿಸಿ, ಉಳಿದ ಕಣ್ಣನ್ನು ನೋಡುತ್ತ, ಅದರ ಜೋಡಿಯನ್ನು ಕೂದಲೆಳೆಯಂಥ ಕುಂಚದಿಂದ ಬರೆಯುವುದು. ಬಿಳಿಯ ಮೇಲೆ ಕೆಂಪು ರೇಷ್ಮೆಯ ಎಳೆಗಳನ್ನು ಅಂಟಿಸಿ ರಕ್ತನಾಳ ಮೂಡಿಸುವುದು.

ಕೆಲಸ ಮಾಡುವಾಗ ಅಷ್ಟು ಹತ್ತಿರದಿಂದ ಮನುಷ್ಯರ ಕಣ್ಣೊಳಗೆ ನೋಡುವವಳು, ಮನೆಗೆ ಬಂದರೆ ಯಾರ ಮುಖವೂ ಇಲ್ಲ! ಅಪ್ಪ ಹೋದ ಮೇಲೆ ಮೂರು ಕೋಣೆಯ ಮನೆ ದೊಡ್ಡ ಛತ್ರದಂತಾಗಿತ್ತು. ಅಡುಗೆ ಮನೆಯಲ್ಲಿ ಒಂದು ಚಮಚ ಬಿದ್ದರೂ ಹಾಲ್‌ವರೆಗೆ ಸದ್ದು. ಟಿವಿ ಹಾಕಿದರೆ ಒಂಟಿತನ ಇನ್ನೂ ಜಾಸ್ತಿ ಅನ್ನಿಸಿ ಆರಿಸಿಬಿಡುತ್ತಿದ್ದಳು. ಅನ್ನಕ್ಕಿಡುವಾಗ ಕೈ ತಾನಾಗಿ ಇಬ್ಬರಿಗೆ ಅಳೆಯುತ್ತಿತ್ತು. ಮಾರನೆಯ ದಿನವೂ ಅದನ್ನೇ ಉಣ್ಣುತ್ತಿದ್ದಳು.

ಅವನೂ ಅದೇ ರೈಲಿನ ಗಿರಾಕಿ. ನಡುವಿನ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದ. ಪಟ್ಟಣದ ಕೆಲವು ಕಟ್ಟಡಗಳ ಲಿಫ್ಟುಗಳನ್ನು ಹದಿನೈದು ದಿನಕ್ಕೊಮ್ಮೆ ಪರೀಕ್ಷೆ ಮಾಡುವುದು ಅವನ ಕೆಲಸ.

ಎರಡನೇ ಸಲ ಅವನೇ ಬೋಗಿ ಬೋಗಿ ಹುಡುಕಿಕೊಂಡು ಬಂದ. "ಇವತ್ತು ಯಾವ ಸೀಟಲ್ಲಿ ಕೂತಿದ್ದೀರ? ವಿಂಡೋನಾ, ಲೆಫ್ಟಾ?"

"ಕನ್ಫರ್ಮ್ ಆಗಿದೆ ರೀ! ಬೇಕಾದ್ರೆ ನೋಡಿ!"

ಇಳಿಯುವ ಮುಂಚೆ ಅವನು ತಲೆ ಕೆರೆದುಕೊಂಡ. "ಮುಂದಿನ ಸಲದ ನಿಮ್ಮ ಪಿಎನ್‌ಆರ್ ಕೊಟ್ಟಿರ್ತೀರಾ? ಯಾವ ಬೋಗಿ ಅಂತ ನೋಡ್ಕೊಂಡು ಬಂದ್ರೆ ಹುಡುಕೋದು ತಪ್ಪುತ್ತೆ."

"ನಿಮ್ಮದೂ ಕೊಡಿ ಮತ್ತೆ."

ಫೋನ್ ನಂಬರ್ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬುಕಿಂಗ್ ನಂಬರ್ ಕೇಳುವುದಕ್ಕೇನಂತೆ?

ಅಲ್ಲಿಂದ ಅವಳಿಗೊಂದು ಹೊಸ ಚಾಳಿ ಅಂಟಿಕೊಂಡಿತು. ಸಂಜೆ ಕೆಲಸ ಮುಗಿಸಿ, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಕೂತು ಅವನ ಅಂಕಿಗಳನ್ನು ಒತ್ತುವುದು. ಪ್ರಯಾಣಿಕರು: ಒಬ್ಬರು. ವೇಟಿಂಗ್. ಮಾರನೆಯ ದಿನ ಮತ್ತೆ. ವೇಟಿಂಗ್ ಸ್ವಲ್ಪ ಇಳಿದಿದೆ! ಒಂದು ಸಂಜೆ 'ಕನ್ಫರ್ಮ್' ಅಂತ ಬಂದಾಗ ಖಾಲಿ ಮನೆಯಲ್ಲಿ "ಅಬ್ಬಾ!" ಎಂದು ಕೂಗಿಯೇಬಿಟ್ಟಳು. ಕೂಗಿ, ತನ್ನ ದನಿ ಗೋಡೆಗೆ ಬಡಿದು ಬಂದದ್ದಕ್ಕೆ ನಾಚಿದಳು.

'ಏನಾಗಿದೆ ನನಗೆ? ಯಾರದೋ ಸೀಟು ಸಿಕ್ಕಿದ್ರೆ ನನಗ್ಯಾಕೆ ಇಷ್ಟು ಖುಷಿ?'

ಉತ್ತರ ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳುವ ಧೈರ್ಯವಿರಲಿಲ್ಲ, ಅಷ್ಟೇ.

ರೈಲಿನಲ್ಲಿ ಅವನು ಹರಟೆ ಹೊಡೆಯುತ್ತಿದ್ದ, ಅವಳು ಕೇಳುತ್ತಿದ್ದಳು. ನಡುವೆ ಸಿಕ್ಕಿಕೊಂಡ ಲಿಫ್ಟಿನೊಳಗೆ ಜಗಳವಾಡಿ ಹೊರಬರುವಷ್ಟರಲ್ಲಿ ರಾಜಿಯಾದ ಗಂಡ ಹೆಂಡಿರ ಕಥೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಆದರೆ ಅವಳ ಕೆಲಸದ ಮಾತು ಬಂದರೆ ಮಾತ್ರ ಗಂಭೀರನಾಗಿ ಒಂದೊಂದೂ ಕೇಳುತ್ತಿದ್ದ. ನೋವಾಗುತ್ತಾ? ಎಷ್ಟು ಹೊತ್ತು ಹಿಡಿಯುತ್ತೆ? ನೋಡಿದವರಿಗೆ ಗೊತ್ತಾಗುತ್ತಾ?

ಮನೆಯ ವಿಷಯ ಕೇಳಿದರೆ ಮಾತ್ರ ಜಾರಿಕೊಳ್ಳುತ್ತಿದ್ದ. "ಮನೇಲಿ ಯಾರ್ಯಾರಿದ್ದೀರ?" ಅಂದದ್ದಕ್ಕೆ ಒಮ್ಮೆ, "ಇದ್ದಾರೆ... ಹೊರಗೆ ಬರಲ್ಲ ಅವರು," ಅಂದು ಕಿಟಕಿಯ ಆಚೆ ನೋಡಿದ. ಅವಳು ಮತ್ತೆ ಕೇಳಲಿಲ್ಲ.

ಒಂದು ಸಲ ಇಳಿದ ಮೇಲೆ, ಪ್ಲಾಟ್‌ಫಾರ್ಮಿನ ಜನಜಂಗುಳಿಯ ನಡುವೆ ಅವನು ತಿರುಗಿ ಬಂದ. ಕಿವಿ ಕೆಂಪಾಗಿತ್ತು.

"ಮುಂದಿನ ಸಲ ನಿಮಗೊಂದು ವಿಷಯ ಹೇಳ್ಬೇಕು. ಈಗ ಬೇಡ. ಮುಂದಿನ ಸಲ... ಖಂಡಿತ ಬರ್ತೀರ ತಾನೇ?"

"ಬರ್ತೀನಿ," ಅಂದಳು ಅವಳು. ಎದೆ ಹೊಡೆದುಕೊಳ್ಳುವ ಸದ್ದು ಅವನಿಗೆ ಕೇಳಿಸೀತೆಂದು ಚೀಲವನ್ನು ಅವಚಿಕೊಂಡಳು.

*

ಆ ವಾರ ಅವಳು ಹೊಸ ಸೀರೆ ತೆಗೆದಿಟ್ಟಳು. ಕನ್ನಡಿ ಒರೆಸಿದಳು. ಸಂಜೆ ಎಂದಿನಂತೆ ಕಾಫಿ ಹಿಡಿದು ಕೂತು ಅವನು ಕೊಟ್ಟ ಹೊಸ ಅಂಕಿಗಳನ್ನು ಒತ್ತಿದಳು.

ಪ್ರಯಾಣಿಕರು: ಇಬ್ಬರು.

ತಪ್ಪು ಒತ್ತಿರಬೇಕು. ಅಳಿಸಿ, ಒಂದೊಂದೇ ಅಂಕಿ ಬಾಯಲ್ಲಿ ಹೇಳಿಕೊಂಡು ಮತ್ತೆ ಒತ್ತಿದಳು.

ಪ್ರಯಾಣಿಕ ಒಂದು: ಕನ್ಫರ್ಮ್. ಪ್ರಯಾಣಿಕ ಎರಡು: ಕನ್ಫರ್ಮ್. ಅಕ್ಕಪಕ್ಕದ ಸೀಟು.

ಹೆಸರಿಲ್ಲ. ವಯಸ್ಸಿಲ್ಲ. ಬರೀ 'ಎರಡು'.

ಕಾಫಿ ಕೆನೆಗಟ್ಟಿತು.

'ಮನೇಲಿ ಇದ್ದಾರೆ, ಹೊರಗೆ ಬರಲ್ಲ ಅವರು...' ಹೆಂಡತಿ! ಇನ್ಯಾರು? ಇಷ್ಟು ದಿನ ಹೊರಗೆ ಬರದವಳು ಈಗ ಬರುತ್ತಿದ್ದಾಳೆ. ಪರಿಚಯ ಮಾಡಿಸುತ್ತಾನೆ. 'ಇವರೇ ನೋಡು, ವಿಂಡೋ ಲೆಫ್ಟ್ ಮೇಡಂ' ಅನ್ನುತ್ತಾನೆ. ಇಬ್ಬರೂ ನಗುತ್ತಾರೆ. ಅವನು ಹೇಳಬೇಕೆಂದಿದ್ದ ವಿಷಯ ಇದೇ!

ತಪ್ಪು ಅವನದಲ್ಲ. ಅವನೇನು ಮಾತು ಕೊಟ್ಟಿದ್ದನೇ? ಅರ್ಧ ಸೀಟು ಕೊಟ್ಟಿದ್ದ, ಅಷ್ಟೇ. ಇವಳೇ ಅದರ ಮೇಲೆ ಮನೆ ಕಟ್ಟಿಕೊಂಡು ಕೂತಿದ್ದಳು...

ಅಷ್ಟರಲ್ಲಿ ಫೋನ್ ಬಂತು. ಚಿಕ್ಕಮ್ಮ.

"ಊಟ ಆಯ್ತೇನೇ ಪುಟ್ಟಿ?"

"ಆಯ್ತು ಚಿಕ್ಕಮ್ಮ."

"ದನಿ ಯಾಕೆ ಹಂಗಿದೆ? ನೆಗಡಿಯಾ?"

"ಹೂಂ... ನೆಗಡಿ."

"ಬಿಸಿನೀರು ಕುಡಿ. ಒಬ್ಬಳೇ ಇದ್ದೀಯ, ಹುಷಾರು."

"ಹುಷಾರಾಗೇ ಇದ್ದೀನಿ," ಅಂದಳು. ಫೋನ್ ಇಟ್ಟ ಮೇಲೆ ಅತ್ತಳು. ಅಳುವುದಕ್ಕೂ ಒಂದು ಅನುಕೂಲ ಆ ಮನೆಯಲ್ಲಿತ್ತು, ಬಾಗಿಲು ಹಾಕಿಕೊಳ್ಳಬೇಕಿರಲಿಲ್ಲ.

ಆಮೇಲೆ ಅವಳು ತನ್ನ ಟಿಕೆಟ್ ಕ್ಯಾನ್ಸಲ್ ಮಾಡಿದಳು. ಆಸ್ಪತ್ರೆಗೂ ಮೈ ಹುಷಾರಿಲ್ಲವೆಂದು ಹೇಳಿ ರಜೆ ಹಾಕಿದಳು. ಅವನ ಹೆಂಡತಿಯ ಎದುರು ಕೂತು ನಗುವ ಶಕ್ತಿ ಅವಳಿಗಿರಲಿಲ್ಲ.

ರೈಲು ಹೊರಡುವ ದಿನ ಆ ಹೊತ್ತಿಗೆ ಅವಳು ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಒಗೆಯುತ್ತಿದ್ದಳು. ಪರದೆಯಿಲ್ಲದ ಕಿಟಕಿಗಳಲ್ಲಿ ಮನೆ ಇನ್ನೂ ಬೋಳಾಗಿ ಕಂಡಿತು.

ಮುಂದಿನ ದಿನಗಳಲ್ಲಿ ಎಷ್ಟು ಬೇಡವೆಂದರೂ ಬೆರಳು ಆ ಅಂಕಿಗಳನ್ನೇ ಒತ್ತುತ್ತಿತ್ತು. ಒಂದು ಸಂಜೆ ಅದೂ ನಿಂತಿತು. ಈ ನಂಬರಿನ ಮಾಹಿತಿ ಲಭ್ಯವಿಲ್ಲ ಎಂದಿತು ಮೊಬೈಲು. ಪ್ರಯಾಣ ಮುಗಿದ ಮೇಲೆ ಆ ಅಂಕಿಗಳಿಗೂ ಆಯುಸ್ಸು ಮುಗಿಯುತ್ತದೆ ಅನ್ನುವುದನ್ನು ಅವನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

*

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಬಂತು. ಈ ಸಲ ಬಸ್ಸಿನಲ್ಲಿ ಹೋದಳು. ಸೊಂಟ ಮುರಿಯುವ ದಾರಿ. ಪಕ್ಕದ ಸೀಟಿನವನು ಅವಳ ಹೆಗಲ ಮೇಲೆ ನಿದ್ದೆ ಹೋದ. ಒಂದು ಮಾತಿಲ್ಲ, ಒಂದು ನಗುವಿಲ್ಲ.

ಬೆಳಿಗ್ಗೆ ಅವಳ ಕೋಣೆಗೆ ಮೊದಲು ಬಂದವರು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಅಚ್ಚುಕಟ್ಟಾದ ಜಡೆ, ದೊಡ್ಡ ಕಪ್ಪು ಕನ್ನಡಕ. ಕುರ್ಚಿಯ ತುದಿಯಲ್ಲಿ, ಈಗಲೇ ಎದ್ದು ಓಡುವವರಂತೆ ಕೂತರು.

"ಹೋದ ಸಲ ಬಂದಿದ್ದೆ," ಅಂದರು. "ನೀವು ರಜಾ ಅಂದ್ರು."

"ಹೌದು... ಹುಷಾರಿರಲಿಲ್ಲ. ಕ್ಷಮಿಸಿ."

"ಈಗ ಪರವಾಗಿಲ್ವಾ ಮೈ?" ಆ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. "ಕಣ್ಣಿಗೆ ಸೋಂಕಾಗಿ ತೆಗೆದ ಮೇಲೆ ನಾನು ಮನೆ ಹೊಸಿಲು ದಾಟಿದ್ದೇ ಹೋದ ಸಲ. ಹತ್ತು ಸಲ ಬರಲ್ಲ ಅಂದೆ, ಹನ್ನೊಂದನೇ ಸಲ ಹೊರಟೆ. ಇಲ್ಲೀತನಕ ಬಂದು ಹಾಗೇ ವಾಪಸ್ ಹೋಗುವಾಗ... ಬಿಡಿ, ಆಗಿದ್ದಾಯ್ತು."

ತನ್ನ ದುಃಖದಲ್ಲಿ ತಾನು ಪರದೆ ಒಗೆಯುತ್ತ ಕೂತಿದ್ದಾಗ, ಇಲ್ಲಿ ಒಂದು ಜೀವ ಇಷ್ಟು ದೂರ ಬಂದು ಬರಿಗೈಲಿ ತಿರುಗಿ ಹೋಗಿತ್ತು!

"ಏನು ಕೆಲಸ ಮಾಡ್ತಿದ್ರಿ ನೀವು?" ಕಣ್ಣುಗುಳಿಯ ಅಚ್ಚು ತೆಗೆಯುತ್ತ ಅವರ ಭಯ ಮರೆಸಲು ಕೇಳಿದಳು.

"ಬ್ಯೂಟಿ ಪಾರ್ಲರ್ ಇಟ್ಕೊಂಡಿದ್ದೆ ಕಣಮ್ಮ. ಮದುಮಗಳಿಗೆ ಅಲಂಕಾರ ಮಾಡೋದ್ರಲ್ಲಿ ನನ್ನ ಬಿಟ್ರಿಲ್ಲ ಅಂತಿದ್ರು. ಆಮೇಲೆ... ಒಂಟಿ ಕಣ್ಣಿನವಳ ಹತ್ರ ಹುಬ್ಬು ತೀಡಿಸಿಕೊಳ್ಳೋಕೆ ಯಾರು ಬರ್ತಾರೆ ಹೇಳಿ? ಒಂದು ಹುಬ್ಬು ಇದ್ದರೆ ಇನ್ನೊಂದು ಇರಲ್ಲ ಅಂತ ಹೆದರ್ತಾರೆ!"

ಇಬ್ಬರೂ ನಕ್ಕರು. ಅವರ ಹೆಗಲು ಸ್ವಲ್ಪ ಸಡಿಲವಾಯಿತು.

"ಈಗ ಬೆಳಕಿನ ಕಡೆ ನೋಡಿ. ಹಾಂ, ಹಾಗೆ. ರೆಪ್ಪೆ ಬಡಿದ್ರೂ ಪರವಾಗಿಲ್ಲ."

ಅವಳು ಕುಂಚ ಅದ್ದಿ, ಬಾಗಿ, ಅವರ ಉಳಿದ ಕಣ್ಣೊಳಗೆ ನೋಡಿದಳು.

ಕಡು ಕಂದು. ಅದಕ್ಕೆ ಬಣ್ಣ ಬೆರೆಸಿದಳು. ಒಳಗೆ ಪಾಪೆಯ ಸುತ್ತ... ಕೈ ತಾನಾಗಿ ಹಳದಿಯತ್ತ ಹೋಯಿತು. ತೆಳು ಬಳೆ. ನೋಡುವ ಮುಂಚೆಯೇ ಕುಂಚಕ್ಕೆ ದಾರಿ ಗೊತ್ತಿತ್ತು. ಎಡಕ್ಕೆ ಬಂದಾಗ ಅವಳು ಬಳೆಯನ್ನು ಸ್ವಲ್ಪ ಒಡೆದು ಬಿಟ್ಟಳು... ತಲೆಯೆತ್ತಿ ನೋಡಿದಳು.

ಅಲ್ಲೂ ಒಡೆದಿತ್ತು!

ಕುಂಚ ಗಾಳಿಯಲ್ಲೇ ನಿಂತಿತು.

"ನೀವು... ಯಾರ ಜೊತೆ ಬಂದ್ರಿ?"

"ತಮ್ಮನ ಜೊತೆ. ನಾನೇ ಸಾಕಿದ್ದು ಅವನನ್ನ. ಲಿಫ್ಟ್ ರಿಪೇರಿ ಮಾಡ್ತಾನೆ." ಅವರು ತಡೆದು ತಡೆದು ಮುಂದುವರಿಸಿದರು. "ನನ್ನ ಕಣ್ಣಿನ ವಿಷಯ ಯಾರ ಹತ್ರಾನೂ ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿಕೊಂಡಿದ್ದೆ. ಪಾಪ, ಒಳಗೊಳಗೇ ಇಟ್ಕೊಂಡ. ರೈಲಲ್ಲಿ ಯಾರೋ ಕಣ್ಣು ಬರೆಯೋ ಮೇಡಂ ಸಿಕ್ಕಿದ್ರಂತೆ. ಪ್ರತಿ ಸಲ ಬಂದು ಅವರದೇ ಕಥೆ. ರೇಷ್ಮೆ ಎಳೇಲಿ ನರ ಮಾಡ್ತಾರೆ ಅಕ್ಕಾ, ನೋವೇ ಇರಲ್ವಂತೆ ಅಕ್ಕಾ... ಅವನು ಹೇಳೋದು ಕೇಳಿ ಕೇಳಿ ನನಗೇ ಆ ಮೇಡಂನ ನೋಡ್ಬೇಕು ಅನ್ನಿಸಿತು. ಕಣ್ಣು ಆಮೇಲೆ!"

ಅವಳು ಕುಂಚ ಕೆಳಗಿಟ್ಟಳು.

"ಅಂದ್ರೆ ಹೋದ ಸಲ ಆ ಇನ್ನೊಂದು ಸೀಟು..."

"ನಂದೇ. ರೈಲಲ್ಲಿ ನಿಮ್ಮ ಪಕ್ಕ ಕೂರಿಸ್ತೀನಿ ಅಂದಿದ್ದ. ನೀವು ಬರಲಿಲ್ಲ. ದಾರಿಯುದ್ದಕ್ಕೂ ನಿಮ್ಮ ಟಿಕೆಟ್ ನಂಬರ್ ಒತ್ತಿ ಒತ್ತಿ ನೋಡ್ತಿದ್ದ. ಕ್ಯಾನ್ಸಲ್, ಕ್ಯಾನ್ಸಲ್ ಅಂತಾನೇ ಬರ್ತಿತ್ತು."

"ಈಗೆಲ್ಲಿದ್ದಾರೆ?"

"ಕೆಳಗೆ. ಎದುರು ಬಸ್ ಸ್ಟಾಪಲ್ಲಿ ಕೂತಿದ್ದಾನೆ. ಮೇಲೆ ಬಾರೋ ಅಂದ್ರೆ, 'ನಾನು ಬಂದ್ರೆ ಅವರು ಇವತ್ತೂ ರಜಾ ಹಾಕಿ ಹೋಗ್ತಾರೆ ಅಕ್ಕಾ' ಅಂತಾನೆ." ಅವರು ಅವಳ ಮುಖವನ್ನೇ ನೋಡಿದರು. ಒಂದೇ ಕಣ್ಣಾದರೂ ಆ ನೋಟದಿಂದ ಏನೂ ತಪ್ಪಿಸಿಕೊಳ್ಳುವಂತಿರಲಿಲ್ಲ. "ಹೋಗಮ್ಮ. ನಾನೆಲ್ಲೂ ಓಡಿಹೋಗಲ್ಲ."

*

ಬಣ್ಣ ಒಣಗಲು ಇಟ್ಟು ಅವಳು ಮೆಟ್ಟಿಲಿಳಿದು ಓಡಿದಳು. ಏಪ್ರನ್ ಬಿಚ್ಚುವುದನ್ನೂ ಮರೆತಿದ್ದಳು. ರಸ್ತೆ ದಾಟುವಾಗ ಒಂದು ಕಾರಿನವನು ಹಾರ್ನ್ ಒತ್ತಿ ಬೈದ.

ಬೆಂಚಿನ ಮೇಲೆ ಅವನು ಕೂತಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳನ್ನು ಕಂಡು ದಡಬಡಿಸಿ ಎದ್ದ.

"ಅಕ್ಕನಿಗೇನಾಯ್ತು?"

"ಏನೂ ಆಗಿಲ್ಲ. ಆರಾಮಾಗಿದ್ದಾರೆ."

"ಮತ್ತೆ ನೀವು... ನಾನು ಮೇಲೆ ಬರಲ್ಲ ಮೇಡಂ. ನಿಮಗೆ ಮುಜುಗರ ಆಗೋದು ಬೇಡ. ಅವತ್ತು ಪ್ಲಾಟ್‌ಫಾರ್ಮಲ್ಲಿ ನಾನು ಹೇಳಿದ್ದು ನಿಮಗೆ ಇಷ್ಟ ಆಗಿಲ್ಲ ಅಂತ ಗೊತ್ತಾಯ್ತು. ಅದಕ್ಕೇ ತಾನೇ ಟಿಕೆಟ್ ಕ್ಯಾನ್ಸಲ್ ಮಾಡಿದ್ದು?"

"ನೀವು ಹೇಳೇ ಇಲ್ವಲ್ಲ! ಹೇಳ್ತೀನಿ ಅಂತ ಮಾತ್ರ ಹೇಳಿದ್ರಿ!"

ಅವನು ಕಣ್ಣರಳಿಸಿದ.

"ಟಿಕೆಟ್‌ನಲ್ಲಿ ಇಬ್ಬರಿದ್ರು," ಅವಳು ಒಂದೇ ಉಸಿರಿಗೆ ಹೇಳಿದಳು. "ಅಕ್ಕಪಕ್ಕ. ಹೆಸರಿರಲಿಲ್ಲ. ಮನೇಲಿ ಇದ್ದಾರೆ, ಹೊರಗೆ ಬರಲ್ಲ ಅಂದಿದ್ರಿ. ನಾನು... ನಿಮಗೆ ಮದುವೆಯಾಗಿದೆ ಅಂದುಕೊಂಡೆ."

ಅವನು ಅವಳನ್ನೇ ನೋಡಿದ. ಆಮೇಲೆ ನಕ್ಕ. ನಗುತ್ತ ನಗುತ್ತ ಬೆಂಚಿನ ಮೇಲೆ ಕುಸಿದು, ಅಂಗೈಯಿಂದ ಕಣ್ಣು ಒರೆಸಿಕೊಂಡ. ಅದು ಬರೀ ನಗುವಾಗಿರಲಿಲ್ಲ.

"ಅದು ನಮ್ಮಕ್ಕ!"

"ಗೊತ್ತಾಯ್ತು. ಕಣ್ಣು ನೋಡಿ ಗೊತ್ತಾಯ್ತು."

"ಅಕ್ಕನ ಕಣ್ಣು ನೋಡಿ ನನ್ನ ಅಕ್ಕ ಅಂತ ಹೇಗೆ ಗೊತ್ತಾಗುತ್ತೆ?"

ಅವಳು ತಲೆ ತಗ್ಗಿಸಿದಳು. ಬೆರಳ ತುದಿಯಲ್ಲಿ ಹಳದಿ ಬಣ್ಣ ಇನ್ನೂ ಹಸಿಯಾಗಿತ್ತು.

"ನಿಮ್ಮ ಕಣ್ಣು... ನನಗೆ ಬಾಯಿಪಾಠ."

ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರ್ ಹತ್ತುತ್ತೀರಾ ಎಂಬಂತೆ ನೋಡಿದ. ಇಬ್ಬರೂ ಅಲುಗಲಿಲ್ಲ. ಬಸ್ಸು ಹೋಯಿತು.

"ಹಾಗಾದ್ರೆ ನಾನು ಹೇಳ್ಬೇಕಾಗಿದ್ದು ಹೇಳ್ಲಾ?" ಅಂದ ಅವನು.

"ಬೇಗ ಹೇಳಿ. ಮೇಲೆ ಬಣ್ಣ ಒಣಗ್ತಿದೆ."

"ನನಗೆ ನೀವು ಬೇಕು. ಚೆನ್ನಾಗಿ ಹೇಳೋಕೆ ಬರಲ್ಲ ನನಗೆ. ದಾರಿಯುದ್ದಕ್ಕೂ ಅಭ್ಯಾಸ ಮಾಡ್ಕೊಂಡು ಬಂದಿದ್ದೆ, ಎಲ್ಲಾ ಮರೆತುಹೋಯ್ತು. ನೀವು ಬೇಕು, ಅಷ್ಟೇ."

ಅವಳು ಅವನ ಗ್ರೀಸಿನ ತೋಳು ಹಿಡಿದು ನಿಂತಳು. ಅವಳ ಬೆರಳಿನ ಬಣ್ಣ ಅಂಗಿಗೆ ಅಂಟಿತು. ಇಬ್ಬರೂ ಅದನ್ನು ಒರೆಸಲಿಲ್ಲ.

*

ಸಂಜೆ, ಕೊನೆಯ ಹೊಳಪು ಕೊಟ್ಟು, ಅವಳು ಅಕ್ಕನಿಗೆ ಹೊಸ ಕಣ್ಣು ಕೂರಿಸಿ ಕನ್ನಡಿ ಕೊಟ್ಟಳು. ಅಕ್ಕ ಬಹಳ ಹೊತ್ತು ನೋಡಿಕೊಂಡರು. ಬಾಗಿಲ ಬಳಿ ತಮ್ಮ ನಿಂತಿದ್ದ.

ಕೊನೆಗೆ ಅಕ್ಕ ಕನ್ನಡಿ ಕೆಳಗಿಟ್ಟು, ಅವಳ ಗದ್ದ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿದರು.

"ಎಲ್ಲರ ಕಣ್ಣು ನೋಡ್ತೀಯ, ನಿನ್ನ ಹುಬ್ಬು ನೋಡ್ಕೊಂಡಿದ್ದೀಯೇನೇ? ಕಾಡು ಬೆಳೆದಂಗೆ ಬೆಳೆದಿದೆ! ನಮ್ಮನೆಗೆ ಬಾ, ಸರಿ ಮಾಡ್ತೀನಿ."

ಅಷ್ಟು ಅಂದು ಅವರು ಅತ್ತುಬಿಟ್ಟರು. ಮೂವರೂ ಅತ್ತರು.

ಕಪ್ಪು ಕನ್ನಡಕವನ್ನು ಚೀಲದೊಳಗೆ ಹಾಕಿಕೊಂಡು, ಅಕ್ಕ ಪೇಟೆ ಬೀದಿಯಲ್ಲಿ ಮುಂದೆ ಮುಂದೆ ನಡೆದರು. ಪ್ರತಿ ಅಂಗಡಿಯ ಗಾಜಿನಲ್ಲೂ ತಮ್ಮ ಮುಖ ನೋಡಿಕೊಳ್ಳುತ್ತಿದ್ದರು. ಹಿಂದೆ ಇವರಿಬ್ಬರು.

"ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ," ಅಂದ ಅವನು. "ನಾನು ತುಂಬಾ ಮಾತಾಡ್ತೀನಿ. ಊಟ ಮಾಡುವಾಗ್ಲೂ, ಹಲ್ಲುಜ್ಜುವಾಗ್ಲೂ. ಅಕ್ಕ ಎಷ್ಟೋ ಸಲ ಬೈದಿದ್ದಾಳೆ. ಆಮೇಲೆ ನನಗೆ ಹೇಳ್ಲಿಲ್ಲ ಅನ್ಬೇಡಿ."

ಅವಳು ನಡೆಯುತ್ತಲೇ ಅವನ ಕೈಯೊಳಗೆ ಕೈ ಇಟ್ಟಳು.

"ಮಾತಾಡಿ," ಅಂದಳು. "ನಮ್ಮನೆ ಬಹಳ ದಿನದಿಂದ ಸುಮ್ಮನೆ ಕೂತಿದೆ."